ಬೋರ್ ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತಾ?

ಕಪ್ಪುಮಣ್ಣು: ನಮ್ಮದು ಗದಗ ಜಿಲ್ಲೆ, ಮುಂಡರಗಿ ಕಡೆ. ಹೊಸ ಬೋರ್ ನೀರು ತಿಳಿಯಾಗಿದೆ, ರುಚಿನೂ ಪರವಾಗಿಲ್ಲ. ಆದರೆ ಪರೀಕ್ಷೆಯಲ್ಲಿ ಫ್ಲೋರೈಡ್ ಲೀಟರಿಗೆ 2.4 ಮಿಲಿಗ್ರಾಂ ಬಂದಿದೆ. ಕುದಿಸಿ ಸೋಸಿದರೆ ಸಾಕು ಅಂತಾರೆ ಅವ್ವ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಏನು ಮಾಡೋದು?

ಹಳೇ_ಬಾವಿ: ಹೋಗಲ್ಲ ಅಣ್ಣಾರೆ, ಉಲ್ಟಾ ಜಾಸ್ತಿ ಆಗುತ್ತೆ. ಕುದಿಸಿದರೆ ಸಾಯೋದು ಕ್ರಿಮಿ, ಇದು ಕಲ್ಲಿನಿಂದ ಕರಗಿ ಬಂದದ್ದು, ನೀರು ಆವಿಯಾದಂತೆಲ್ಲ ಉಳಿದ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ನಮ್ಮ ದೇಶದ ಮಾನದಂಡ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಮಕ್ಕಳ ಕಾಯಂ ಹಲ್ಲು ಒಳಗೆ ಬೆಳೆಯುವ ವಯಸ್ಸಲ್ಲೇ ಕಲೆ ಬೀಳೋದು, ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ. ಕುಡಿಯೋಕಷ್ಟೇ ಅಲ್ಲ, ಅನ್ನ, ಸಾರು, ಚಹಾಕ್ಕೂ ಈ ನೀರು ಬೇಡ. ಸ್ನಾನಕ್ಕೆ, ಬಟ್ಟೆಗೆ ಬಳಸಿ.

ಸವಣೂರ_ಎಲಿ: ಊರಲ್ಲಿ ಆರ್‌ಒ ಘಟಕ ಇದ್ದರೆ ಅಲ್ಲಿಂದ ತನ್ನಿ. ಒಳಗಿನ ಸೋಸುವ ಪೊರೆ ಹಳೇದಾದರೆ ಅದೂ ಸುಮ್ನೆ ಹೆಸರಿಗಷ್ಟೇ, ಆಗಾಗ ಆ ನೀರನ್ನೂ ಪರೀಕ್ಷೆ ಮಾಡಿಸಿ. ಘಟಕ ಹೊರಗೆ ಬಿಡುವ ತ್ಯಾಜ್ಯ ನೀರನ್ನು ದನಗಳಿಗೆ ಕುಡಿಸಬೇಡಿ, ಫ್ಲೋರೈಡ್ ಎಲ್ಲ ಅದರಲ್ಲೇ ಇರುತ್ತದೆ.

ಕಪ್ಪುಮಣ್ಣು: ಘಟಕ ಕೆಟ್ಟು ನಿಂತಿದೆ ರೀ!

ಹಳೇ_ಬಾವಿ: ಹಾಗಾದರೆ ಮಳೆನೀರು ಹಿಡಿಯಿರಿ, ಅದರಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು. ಮಾಳಿಗೆ ಗುಡಿಸಿ, ಮೊದಲ ಮಳೆ ಹರಿಯಲು ಬಿಡಿ, ಆಮೇಲೆ ಮುಚ್ಚಿದ ಟ್ಯಾಂಕಿಗೆ ಬಿಡಿ. ಅವ್ವನವರ ಕುದಿಸೋದು, ಸೋಸೋದು ಈ ನೀರಿಗೆ ಬೇಕು ನೋಡಿ.