ಆಹಾರ ಒಂದೇ ಇದ್ದರೂ ಹಲವು ತಳಿಗಳು ಉಳಿಯುವುದು ಹೇಗೆ?

ಪ್ರಶ್ನೆ
ಒಂದೇ ಸಂಪನ್ಮೂಲಕ್ಕಾಗಿ ಸೆಣಸುವ ಎರಡು ಪ್ರಭೇದಗಳು ಬಹುಕಾಲ ಜೊತೆಗೆ ಬಾಳಲಾರವು ಎಂಬ ಗೌಸ್ ತತ್ತ್ವವನ್ನು ಓದಿದ್ದೇನೆ. ಆದರೆ ಒಂದೇ ಕೋಶದಿಂದ ಬೆಳೆಸಿ, ಗ್ಲೂಕೋಸ್ ಒಂದನ್ನೇ ಉಣಿಸಿದ ಬ್ಯಾಕ್ಟೀರಿಯಾಗಳಲ್ಲಿಯೂ ಕಾಲಕ್ರಮೇಣ ಬೇರೆ ಬೇರೆ ತಳಿಗಳು ಹುಟ್ಟಿ, ಒಂದನ್ನೊಂದು ಅಳಿಸಿಹಾಕದೆ ಉಳಿಯುತ್ತವೆಯಂತೆ. ಅತ್ಯಂತ ಸಮರ್ಥವಾದ ತಳಿ ಪಾತ್ರೆಯನ್ನೆಲ್ಲ ಆಕ್ರಮಿಸದಿರಲು ಕಾರಣವೇನು?

ಉತ್ತರ 1
ಪಾತ್ರೆಗೆ ಹಾಕುವುದು ಗ್ಲೂಕೋಸ್ ಮಾತ್ರವಾದರೂ ಅಲ್ಲಿ ಸಿಗುವ ಆಹಾರ ಅದೊಂದೇ ಆಗಿ ಉಳಿಯುವುದಿಲ್ಲ. ಗ್ಲೂಕೋಸನ್ನು ವೇಗವಾಗಿ ಕಬಳಿಸುವ ಇ. ಕೋಲೈ ಅದರ ಇಂಗಾಲದ ಒಂದು ಪಾಲನ್ನು ಅಸಿಟೇಟ್ ರೂಪದಲ್ಲಿ ಹೊರಬಿಡುತ್ತದೆ. ಈ ಎಂಜಲನ್ನು ಚೆನ್ನಾಗಿ ಬಳಸಬಲ್ಲ ರೂಪಾಂತರಿ ಹುಟ್ಟಿತೆಂದರೆ ಅದಕ್ಕೂ ಒಂದು ನೆಲೆ ಸಿಗುತ್ತದೆ. ಇಲ್ಲಿ ನೋಡಬೇಕಾದದ್ದು ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಸಂಖ್ಯೆಯನ್ನು. ಗ್ಲೂಕೋಸ್ ತಳಿ ಹೆಚ್ಚಿದಷ್ಟೂ ಅಸಿಟೇಟ್ ಹೆಚ್ಚುತ್ತದೆ, ಅಸಿಟೇಟ್ ತಳಿ ಮಿತಿಮೀರಿದರೆ ಅದರ ಆಹಾರವೇ ಬರಿದಾಗುತ್ತದೆ. ಹೀಗೆ ಯಾವುದು ವಿರಳವಾಗುತ್ತದೆಯೋ ಅದಕ್ಕೇ ಅನುಕೂಲವಾಗುವುದರಿಂದ ಎರಡೂ ಉಳಿಯುತ್ತವೆ. ರಿಚರ್ಡ್ ಲೆನ್ಸ್ಕಿ 1988ರಲ್ಲಿ ಆರಂಭಿಸಿದ, ದಿನವೂ ನೂರರಲ್ಲೊಂದು ಪಾಲನ್ನು ಹೊಸ ದ್ರಾವಣಕ್ಕೆ ವರ್ಗಾಯಿಸುವ ಪ್ರಯೋಗದ 12 ಸಮೂಹಗಳ ಪೈಕಿ ಒಂದರಲ್ಲಿ, ಸುಮಾರು 6,500ನೇ ಪೀಳಿಗೆಯ ಹೊತ್ತಿಗೆ ಎರಡು ಕವಲುಗಳು ಕಂಡುಬಂದವು. ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯ ಮೇಲೆ ಒಂದರ ವಸಾಹತು (ಒಂದು ಕೋಶದಿಂದ ಬೆಳೆದ ಗುಂಪು) ದೊಡ್ಡದು, ಇನ್ನೊಂದರದು ಚಿಕ್ಕದು. ಹತ್ತಾರು ಸಾವಿರ ಪೀಳಿಗೆಗಳ ನಂತರವೂ ಅವು ಜೊತೆಗೇ ಇದ್ದವು.

ಉತ್ತರ 2
ಎಂಜಲಿನ ಜೊತೆಗೆ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರೈನಿ ಮತ್ತು ಟ್ರಾವಿಸಾನೊ 1998ರಲ್ಲಿ ತೋರಿಸಿದಂತೆ, ಅಲುಗಾಡಿಸದೆ ಇಟ್ಟ ಕೊಳವೆಯಲ್ಲಿ ಸ್ಯೂಡೋಮೋನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾದಿಂದ ಹಲವು ರೂಪಗಳು ಹುಟ್ಟುತ್ತವೆ. ಅವುಗಳಲ್ಲಿ ಸುಕ್ಕುಸುಕ್ಕಾದ ವಸಾಹತಿನ ರೂಪವು ಆಮ್ಲಜನಕ ಹೇರಳವಾಗಿರುವ ಮೇಲ್ಮೈಯಲ್ಲಿ ಚಾಪೆಯಂತೆ ಹರಡಿಕೊಳ್ಳುತ್ತದೆ. ಕೊಳವೆಯನ್ನು ಸತತವಾಗಿ ಕುಲುಕಿದರೆ ಈ ವೈವಿಧ್ಯ ಉಳಿಯುವುದಿಲ್ಲ.

ಪ್ರಶ್ನಿಸಿದವರು
ಹಾಗಾದರೆ ಇಂಥ ಸಹಬಾಳ್ವೆ ಒಮ್ಮೆ ಏರ್ಪಟ್ಟರೆ ಶಾಶ್ವತವೇ?

ಉತ್ತರ 1
ಹಾಗೆನ್ನಲಾಗದು, ಏಕೆಂದರೆ ಎರಡು ಕವಲುಗಳೂ ವಿಕಾಸಗೊಳ್ಳುತ್ತಲೇ ಇರುತ್ತವೆ. ಅದೇ ಪ್ರಯೋಗದ ಮತ್ತೊಂದು ಸಮೂಹದಲ್ಲಿ, ದ್ರಾವಣದಲ್ಲಿ ಮೊದಲಿನಿಂದಲೂ ಇದ್ದ ಸಿಟ್ರೇಟನ್ನು ಆಮ್ಲಜನಕವಿದ್ದಾಗಲೂ ಬಳಸಬಲ್ಲ ತಳಿಯೊಂದು ಸುಮಾರು 31,500ನೇ ಪೀಳಿಗೆಯಲ್ಲಿ ಹುಟ್ಟಿತು. ಅದು ಸಿಟ್ರೇಟನ್ನು ಒಳಗೆಳೆದುಕೊಳ್ಳುವಾಗ ಬದಲಿಗೆ ಸಕ್ಸಿನೇಟ್‌ನಂಥ ಆಮ್ಲಗಳನ್ನು ಹೊರಬಿಡುತ್ತಿತ್ತು. ಹಳೆಯ ತಳಿ ಅವುಗಳನ್ನು ಬಳಸಿಕೊಳ್ಳುತ್ತ 10,000ಕ್ಕೂ ಹೆಚ್ಚು ಪೀಳಿಗೆಗಳ ಕಾಲ ಅಲ್ಪಸಂಖ್ಯೆಯಲ್ಲಿ ಬದುಕಿ, ಆಮೇಲೆ ಅಳಿಯಿತು. ಕುತೂಹಲದ ಸಂಗತಿಯೆಂದರೆ, ಅಳಿವಿಗೆ ಮುಂಚಿನ, ಶೈತ್ಯದಲ್ಲಿ ಕಾಪಿಟ್ಟಿದ್ದ ಮಾದರಿಗಳಿಂದ ಪ್ರಯೋಗವನ್ನು ಮತ್ತೆ ನಡೆಸಿದಾಗ ಅದು ಅಳಿಯಲಿಲ್ಲ. ಆದ್ದರಿಂದ ಆ ಅಳಿವಿಗೆ ಸ್ಪರ್ಧೆಯೇ ಕಾರಣವೆಂದು ಹೇಳುವುದು ನನ್ನ ದೃಷ್ಟಿಯಲ್ಲಿ ಕಷ್ಟ.