ಸಹಾಯ ಬೇಕು: ಪ್ರಾಚೀನ ಈಜಿಪ್ಟಿನ ದೊರೆ ಟುಟಾಂಖಾಮನ್‌ನ ಚಿನ್ನದ ಮುಖವಾಡದ ಮಾದರಿಗೆ ಬಣ್ಣ, ಅಂಟು

ಶಾಲಾ ವಸ್ತುಪ್ರದರ್ಶನಕ್ಕೆ ಕಾಗದದ ತಿರುಳಿನ ಮುಖವಾಡ ಸಿದ್ಧವಾಗುತ್ತಿದೆ, ಎತ್ತರ ಮೂಲದಷ್ಟೇ, 54 ಸೆಂ.ಮೀ. ಎಲ್ಲಕ್ಕೂ ಒಂದೇ ನೀಲಿ ಬಳಿಯುವಂತಿಲ್ಲ. ಮೂಲದಲ್ಲಿ ತಲೆವಸ್ತ್ರದ ಪಟ್ಟಿಗಳು ನೀಲಿ ಗಾಜು. ಹುಬ್ಬು, ಕಣ್ಣಂಚು ಲ್ಯಾಪಿಸ್ ಲಾಜುಲಿ ಎಂಬ ನೀಲಿ ಕಲ್ಲು. ಕಣ್ಣು ಬಿಳಿ ಕ್ವಾರ್ಟ್ಸ್, ಪಾಪೆ ಕಪ್ಪು ಅಬ್ಸಿಡಿಯನ್ (ಜ್ವಾಲಾಮುಖಿ ಗಾಜು). ಗಾಜಿನ ಹೊಳಪು ಬರಲು ಅಕ್ರಿಲಿಕ್ ಮೇಲೆ ವಾರ್ನಿಷ್ ಸಾಕೇ, ರೆಸಿನ್ ಬೇಕೇ? ಮಾಸ್ಕಿಂಗ್ ಟೇಪ್ ಕೀಳುವಾಗ ಕೆಳಗಿನ ಚಿನ್ನದ ಸ್ಪ್ರೇಯೂ ಎದ್ದು ಬರುತ್ತಿದೆ; ತಿರುಳಿನ ಒಳಗೆ ತೇವ ಉಳಿದಿರಬೇಕು. ಮೊದಲು ನೀಲಿ, ಆಮೇಲೆ ಚಿನ್ನ ಮಾಡಿದವರಿದ್ದೀರಾ?

ಗಡ್ಡ ಬೇರೆ ತುಂಡು. ಅಸಲಿ ಗಡ್ಡ 2014ರಲ್ಲಿ ಕಳಚಿದಾಗ ಎಪಾಕ್ಸಿ ಎಂಬ ಗಟ್ಟಿ ಅಂಟು ಮೆತ್ತಿದ್ದರು. 2015ರಲ್ಲಿ ಅದನ್ನು ಕೆರೆದು ತೆಗೆದು ಜೇನುಮೇಣದಿಂದ ಕೂರಿಸಬೇಕಾಯಿತು. ಹಾಗಾಗಿ ಎಪಾಕ್ಸಿ ಬೇಡ. ಒಳಗೆ ಮರದ ಕಡ್ಡಿ ಕೊಟ್ಟರೆ ಎಷ್ಟು ದಪ್ಪದ್ದು ಸರಿ?