ಮಗಳಿಗೆ ಜ್ವರ: ಇಳಿಸಬೇಕಾ, ಹಾಗೇ ಬಿಡಬೇಕಾ? ಕಷಾಯ ಎಷ್ಟರ ಮಟ್ಟಿಗೆ ಕೊಡಬಹುದು?

ಇಬ್ಬನಿ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಎಂಟು ವರ್ಷ. ಮೊನ್ನೆ ಸಂಜೆಯಿಂದ ಜ್ವರ. ನಿನ್ನೆ ಡಾಕ್ಟರಿಗೆ ತೋರಿಸಿದೆವು. ಗಂಟಲು, ಕಿವಿ, ಎದೆ ಎಲ್ಲ ನೋಡಿ ವೈರಲ್ ಜ್ವರ ಅಂದರು. ತೂಕ ನೋಡಿ ಪ್ಯಾರಾಸಿಟಮಾಲ್ ಸಿರಪ್ ಬರೆದುಕೊಟ್ಟರು. ನೀರು ಚೆನ್ನಾಗಿ ಕುಡಿಸಿ, ಮಲಗಿಸಿ ಅಂದರು. ಅಷ್ಟೇ.

ಈಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ದಪ್ಪ ಕಂಬಳಿ ಹೊದಿಸಿ ಬೆವರು ಬರಿಸು ಅಂತ ಅತ್ತೆ. ತಣ್ಣೀರು ಬಟ್ಟೆ ಹಾಕಿ ಮೊದಲು ಜ್ವರ ಇಳಿಸಿ ಅಂತ ನಾದಿನಿ. ನನ್ನ ತಂಗಿ ಫೋನಿನಲ್ಲಿ, "ಜ್ವರ ಬರೋದು ಒಳ್ಳೇದಕ್ಕೇ ಅಕ್ಕ, ಔಷಧಿ ಕೊಟ್ಟು ಇಳಿಸಬೇಡ" ಅಂತಾಳೆ.

ನನಗೆ ಭಯವಾಗಿದ್ದು ನಿನ್ನೆ ರಾತ್ರಿ. ಹಣೆ ಸುಡುತ್ತಿತ್ತು, ಕೈಕಾಲು ಮಾತ್ರ ತಣ್ಣಗೆ. ಹಲ್ಲು ಕಟಕಟ ಅನ್ನುವಷ್ಟು ನಡುಕ. ಆಮೇಲೆ ನೋಡಿದರೆ 102.6. ಸಿರಪ್ ಕೊಟ್ಟ ಮೇಲೆ ಬೆವರಿ ಬಟ್ಟೆಯೆಲ್ಲ ಒದ್ದೆಯಾಯಿತು. ಆಗ ಎದ್ದು ಕೂತು ಬಣ್ಣದ ಪೆನ್ಸಿಲ್ ಕೇಳಿದಳು. ಬೆಳಿಗ್ಗೆ ಮತ್ತೆ ಏರಿದೆ.

ತುಳಸಿ, ಶುಂಠಿ, ಮೆಣಸು, ಅರಿಶಿನ, ಅಮೃತಬಳ್ಳಿ ಹಾಕಿ ಕುದಿಸಿದ ಕಷಾಯ ಕೊಡುತ್ತಿದ್ದೇವೆ. ಮುಖ ಕಿವುಚಿಕೊಂಡು ಕುಡಿಯುತ್ತಾಳೆ. ಮುಂಜಾಗ್ರತೆಗೆ ಅಂತ ಅತ್ತೆಯೂ ಅದನ್ನೇ ಲೋಟ ತುಂಬಾ ಕುಡಿಯುತ್ತಿದ್ದಾರೆ. ಅವರು ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತಗೋತಾರೆ. ಇದೆಲ್ಲ ಸರೀನಾ? ಜ್ವರವನ್ನು ಸುಮ್ನೆ ಬಿಟ್ಟರೆ ಮಗುವಿಗೆ ಏನಾದರೂ ಆಗುತ್ತಾ? ಗೊತ್ತಿರುವವರು ದಯವಿಟ್ಟು ಹೇಳಿ.

ದಾರಿಹೋಕ:

ಗಾಬರಿ ಬೇಡ ಮೇಡಂ. ನಮ್ಮ ಹುಡುಗನಿಗೂ ಹೀಗೇ ಆಗುತ್ತಿತ್ತು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ನೀಲಗಿರಿ ಎಣ್ಣೆ ನಾಲ್ಕು ಹನಿ, ಸ್ವಲ್ಪ ಕರ್ಪೂರ ಹಾಕಿ, ಟವೆಲ್ ಮುಚ್ಚಿ ಹಬೆ ಕೊಡಿ. ಮೂಗು ಬಿಡುತ್ತೆ, ಮಗು ನಿದ್ದೆ ಮಾಡುತ್ತೆ. ಕಷಾಯ ನಿಲ್ಲಿಸಬೇಡಿ.

ವಾರ್ಡಿನಕ್ಕ:

ಇಬ್ಬನಿ ಅವರೇ, ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ನೀವು ಬರೆದದ್ದರಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟ ಮಾತು ಒಂದಿದೆ. ಜ್ವರ ಇಳಿದಾಗ ಅವಳು ಬಣ್ಣದ ಪೆನ್ಸಿಲ್ ಕೇಳಿದಳು ಅಂದಿರಲ್ಲ, ಅದು.

ದಾರಿಹೋಕ ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತೆ, ಆದರೆ ಹಬೆ ಮಾತ್ರ ಬೇಡ. ಕುದಿಯುವ ನೀರಿನ ಪಾತ್ರೆ ಮಗುಚಿ ತೊಡೆ, ಹೊಟ್ಟೆ ಸುಟ್ಟುಕೊಂಡ ಮಕ್ಕಳ ಗಾಯಕ್ಕೆ ನಾನು ಡ್ರೆಸ್ಸಿಂಗ್ ಮಾಡಿದ್ದೇನೆ. ಬಂದದ್ದು ನೆಗಡಿ, ಮಲಗಿದ್ದು ಸುಟ್ಟಗಾಯಕ್ಕೆ. ಕರ್ಪೂರ, ನೀಲಗಿರಿ ಎಣ್ಣೆ ಮಕ್ಕಳ ಕೈಗೆ ಸಿಗುವ ಜಾಗದಲ್ಲೂ ಇರಬಾರದು. ಸ್ವಲ್ಪ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು.

ಈಗ ನಿನ್ನೆ ರಾತ್ರಿಯ ನಡುಕದ ವಿಷಯ. ಸೋಂಕು ತಗುಲಿದಾಗ ರೋಗನಿರೋಧಕ ಕಣಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅವುಗಳಿಂದಾಗಿ ಮೆದುಳಿನಲ್ಲಿ ಪ್ರೋಸ್ಟಗ್ಲಾಂಡಿನ್ ಅನ್ನುವ ಇನ್ನೊಂದು ರಾಸಾಯನಿಕ ಹೆಚ್ಚಾಗುತ್ತದೆ. ಮೈಬಿಸಿ ಎಷ್ಟಿರಬೇಕು ಅಂತ ತೀರ್ಮಾನಿಸುವ ಜಾಗ ಹೈಪೋಥಲಾಮಸ್. ಇದರ ಪ್ರಭಾವಕ್ಕೆ ಸಿಕ್ಕಿ ಅದು ಮಟ್ಟವನ್ನು ಮೇಲೇರಿಸುತ್ತದೆ. ಇನ್ನುಮೇಲೆ 102 ಇರಲಿ ಅಂತ ಅಲ್ಲಿ ತೀರ್ಮಾನವಾಯಿತು ಅಂದುಕೊಳ್ಳಿ. ಮೈ ಇನ್ನೂ 99ರಲ್ಲಿದೆ. ಆಗ ಮಗುವಿಗೆ ನಿಜಕ್ಕೂ ಚಳಿಯಾಗುತ್ತದೆ. ಬಿಸಿ ಹೊರಗೆ ಹೋಗದಿರಲಿ ಅಂತ ಕೈಕಾಲಿನ ರಕ್ತನಾಳಗಳು ಬಿಗಿಯುತ್ತವೆ, ಅದಕ್ಕೇ ಅಂಗೈ ತಣ್ಣಗೆ. ಸ್ನಾಯುಗಳು ನಡುಗಿ ಬಿಸಿ ಹುಟ್ಟಿಸುತ್ತವೆ. ಮುಂದೆ ಮಟ್ಟ ಕೆಳಗಿಳಿದಾಗ ಅದೇ ಬಿಸಿ ಬೆವರಾಗಿ ಹೋಗುತ್ತದೆ. ಪ್ಯಾರಾಸಿಟಮಾಲ್ ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನು ತಗ್ಗಿಸುತ್ತದೆ. ನಿಮ್ಮ ಮಗಳು ಬೆವರಿದ್ದು ಅದಕ್ಕೇ.

ಇಷ್ಟು ತಿಳಿದರೆ ಅತ್ತೆ ನಾದಿನಿ ಜಗಳ ತಾನಾಗಿ ಬಗೆಹರಿಯುತ್ತೆ. ನಡುಗುವಾಗ ಒಂದು ತೆಳು ಹೊದಿಕೆ ಹೊದಿಸಿ, ತಪ್ಪೇನಿಲ್ಲ. ನಡುಕ ನಿಂತ ಕೂಡಲೇ ತೆಗೆಯಿರಿ. ಕಂಬಳಿ ಹೊದಿಸಿ ಬೆವರು ಬರಿಸುವುದರಿಂದ ಬಿಸಿ ಒಳಗೇ ಉಳಿಯುತ್ತದೆ, ನೀರಿನಂಶ ಮಾತ್ರ ಹೋಗುತ್ತದೆ. ತಣ್ಣೀರು ಬಟ್ಟೆ ಹಾಕಿದರೆ ಚರ್ಮ ತಣ್ಣಗಾಗುತ್ತೆ, ಮೆದುಳಿನ ತೀರ್ಮಾನ ಬದಲಾಗಲ್ಲ. ಮಗು ಇನ್ನಷ್ಟು ನಡುಗುತ್ತೆ, ಅಷ್ಟೇ. ಹಣೆ ಮೇಲೆ ಉಗುರುಬೆಚ್ಚಗಿನ ಬಟ್ಟೆ ಅವಳಿಗೆ ಹಿತ ಅನ್ನಿಸಿದರೆ ಇಡಿ, ಬೇಡ ಅಂದರೆ ಬಿಡಿ.

ತಂಗಿ ಹೇಳಿದ್ದರಲ್ಲೂ ನಿಜವಿದೆ. ಮೈಬಿಸಿ ಏರಿದಾಗ ಅನೇಕ ವೈರಸ್‌ಗಳಿಗೆ ಬೆಳೆಯುವುದು ಕಷ್ಟ, ನಮ್ಮ ರಕ್ಷಣಾ ಕಣಗಳು ಚುರುಕಾಗುತ್ತವೆ. ಆದರೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೂ ಮೈಗೆ ಸುಮಾರು 10 ಶೇಕಡಾ ಜಾಸ್ತಿ ಶಕ್ತಿ ಬೇಕು, ನೀರೂ ಜಾಸ್ತಿ ಬೇಕು. ಮಗು ಮೈಕೈ ನೋವಿಂದ ಅಳುತ್ತಾ, ನೀರೂ ಕುಡಿಯದೆ ಮಲಗಿದ್ದರೆ ಸಿರಪ್ ಕೊಡಿ. ಕೊಟ್ಟ ಮಾತ್ರಕ್ಕೆ ಕಾಯಿಲೆ ಉದ್ದವಾಗುವುದಿಲ್ಲ. 101 ಇದ್ದರೂ ಆರಾಮಾಗಿ ಆಡುತ್ತಿದ್ದರೆ ಕೊಡಲೇಬೇಕು ಅಂತಿಲ್ಲ. ಸಿರಪ್ ಕೊಡೋಕೆ ಅಂತ ಮಲಗಿದ ಮಗುವನ್ನು ಎಬ್ಬಿಸಬೇಡಿ.

ಸಿರಪ್ ಬಾಟಲಿ ಮೇಲೆ ಬರೆದಿರುವುದನ್ನು ಒಮ್ಮೆ ಓದಿ. ಕೆಲವುದರಲ್ಲಿ 5 ಮಿಲಿಗೆ 120 ಮಿಲಿಗ್ರಾಂ, ಕೆಲವುದರಲ್ಲಿ 250. ಹಳೇ ಬಾಟಲಿಯ ಅಳತೆಯಲ್ಲೇ ಹೊಸದನ್ನು ಕೊಟ್ಟರೆ ಎರಡು ಪಟ್ಟಾಗಿಬಿಡುತ್ತೆ. ಅಡುಗೆಮನೆ ಚಮಚ ಬೇಡ, ಬಾಟಲಿ ಜೊತೆ ಬಂದ ಅಳತೆಯಲ್ಲೇ ಕೊಡಿ. ಎರಡು ಸಲದ ನಡುವೆ ಕಡಿಮೆ ಅಂದರೂ 4 ಗಂಟೆ ಇರಲಿ, 24 ಗಂಟೆಯಲ್ಲಿ 4 ಸಲ ದಾಟಬಾರದು. ನೆಗಡಿಯ ಸಿರಪ್‌ಗಳಲ್ಲೂ ಕೆಲವು ಸಲ ಪ್ಯಾರಾಸಿಟಮಾಲ್ ಸೇರಿರುತ್ತೆ, ನೋಡಿಕೊಳ್ಳಿ.

ಜ್ವರದಿಂದ ಮೆದುಳಿಗೆ ಪೆಟ್ಟಾಗುತ್ತೆ ಅನ್ನುವ ಭಯ ವಾರ್ಡಿಗೆ ಬರುವ ಎಲ್ಲ ಅಮ್ಮಂದಿರಿಗೂ ಇರುತ್ತಿತ್ತು. ಸೋಂಕಿನ ಜ್ವರದಲ್ಲಿ ಮೆದುಳೇ ಒಂದು ಮಿತಿ ಹಾಕಿಕೊಂಡಿರುತ್ತೆ, 106 ದಾಟುವುದು ಬಹಳ ಅಪರೂಪ. ಬಿಸಿಲಿನ ಹೊಡೆತದ ಕಥೆ ಬೇರೆ. ಅಲ್ಲಿ ಮೈ ತನ್ನನ್ನು ತಾನು ತಣಿಸಿಕೊಳ್ಳಲಾಗದೆ ಸೋತಿರುತ್ತೆ, ಪ್ಯಾರಾಸಿಟಮಾಲ್ ಕೆಲಸ ಮಾಡಲ್ಲ, ತಕ್ಷಣ ಮೈ ತಂಪು ಮಾಡಿ ಆಸ್ಪತ್ರೆಗೆ ಓಡಬೇಕು.

ಹಾಗಾದರೆ ಏನು ನೋಡಬೇಕು? ನಾನು ಡ್ಯೂಟಿಗೆ ಹೋದ ಕೂಡಲೇ ಚಾರ್ಟ್ ಎತ್ತಿಕೊಳ್ಳುತ್ತಿರಲಿಲ್ಲ, ಮೊದಲು ಮಗುವಿನ ಮುಖ ನೋಡುತ್ತಿದ್ದೆ. ಕಣ್ಣು ನನ್ನನ್ನು ಹಿಂಬಾಲಿಸುತ್ತಾ? ತುಟಿ, ನಾಲಿಗೆ ಒದ್ದೆಯಾಗಿದೆಯಾ? ಎದೆಯ ಬಟ್ಟೆ ಸರಿಸಿ ಉಸಿರು ನೋಡುತ್ತಿದ್ದೆ. ಪಕ್ಕೆಲುಬಿನ ಸಂದಿ ಒಳಕ್ಕೆ ಎಳೆದುಕೊಳ್ಳುತ್ತಿದೆಯಾ ಅಂತ. ಆಮೇಲೆ ಬೆರಳ ತುದಿಯನ್ನು ಎದೆಯ ಮಟ್ಟಕ್ಕೆ ಎತ್ತಿ 5 ಸೆಕೆಂಡು ಒತ್ತಿ ಹಿಡಿದು ಬಿಡುತ್ತಿದ್ದೆ. ಬೆಳ್ಳಗಾದ ಜಾಗಕ್ಕೆ 2 ಸೆಕೆಂಡಿನೊಳಗೆ ರಕ್ತದ ಬಣ್ಣ ಮರಳಬೇಕು. ಚಳಿಯಲ್ಲಿ ನಡುಗುವಾಗ ಬೆರಳು ತಣ್ಣಗಿರುವುದರಿಂದ ಇದು ನಿಧಾನ. ಅದಕ್ಕೆ ನಡುಕ ನಿಂತ ಮೇಲೆ, ಎದೆಯ ಚರ್ಮದ ಮೇಲೆ ಇನ್ನೊಮ್ಮೆ ಒತ್ತಿ ನೋಡುತ್ತಿದ್ದೆ. ಕೊನೆಗೆ ಅಮ್ಮನಿಗೆ ಒಂದೇ ಪ್ರಶ್ನೆ: ಮಗು ಮೂತ್ರ ಮಾಡಿದ್ದು ಯಾವಾಗ? 8 ಗಂಟೆ ಮೇಲಾಗಿದ್ದರೆ ನನಗೆ 103 ಜ್ವರಕ್ಕಿಂತ ಅದೇ ಜಾಸ್ತಿ ಚಿಂತೆ.

ಒಂದೇ ಸಲ ಲೋಟ ತುಂಬಾ ಕುಡಿಸಲು ಹೋಗಬೇಡಿ, ವಾಂತಿಯಾಗುತ್ತೆ. ಎರಡು ಮೂರು ಚಮಚ ಕೊಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡಿ. ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಪುಡಿ ತನ್ನಿ. ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಊಟಕ್ಕೆ ಬಲವಂತ ಬೇಡ. ಹಸಿವು ತಾನಾಗಿ ಬರುತ್ತೆ.

ಕಷಾಯಕ್ಕೆ ನಾನು ವಿರೋಧಿ ಅಲ್ಲ. ಬೆಚ್ಚಗಿನ ಶುಂಠಿ, ತುಳಸಿ ನೀರು ಗಂಟಲಿಗೆ ಹಿತ, ಹೊಟ್ಟೆಗೆ ನೀರೂ ಹೋಗುತ್ತೆ. ಕೆಮ್ಮಿದ್ದರೆ ಮಲಗುವ ಮುಂಚೆ ಒಂದು ಚಮಚ ಜೇನುತುಪ್ಪ ಒಳ್ಳೆಯದು. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ನೆಕ್ಕಿಸಲೂ ಬಾರದು, ಸ್ನಾಯುಗಳ ಬಲ ಕುಂದಿಸುವ ಬಾಟುಲಿಸಂ ಅನ್ನುವ ಕಾಯಿಲೆಯ ಅಪಾಯವಿದೆ. ಆದರೆ ಮಗು ಮುಖ ಕಿವುಚುವಷ್ಟು ಖಾರ, ಕಹಿ ಯಾಕೆ? ಅದರ ಸಿಟ್ಟಿಗೆ ನೀರು ಕುಡಿಯುವುದನ್ನೂ ನಿಲ್ಲಿಸಿಬಿಟ್ಟರೆ ನಷ್ಟವೇ ಜಾಸ್ತಿ ಅಲ್ವಾ?

ಕುತ್ತಿಗೆ ಬಗ್ಗಿಸಲಾಗದಷ್ಟು ಬಿಗಿತ, ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ನೇರಳೆ ಚುಕ್ಕೆ, ಉಸಿರಿಗೆ ಕಷ್ಟ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್ - ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯೊಳಗೆ ಏನನ್ನೂ ತುರುಕಬೇಡಿ. ಇದನ್ನು ಓದುವ ಬೇರೆ ಅಮ್ಮಂದಿರಿಗೂ ಒಂದು ಮಾತು. ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೂ ಮನೆಮದ್ದು ಬೇಡ. ನೇರ ಡಾಕ್ಟರ ಹತ್ತಿರ.

ಬೇರುನಾರು:

ವಾರ್ಡಿನಕ್ಕ ಚೆನ್ನಾಗಿ ಹೇಳಿದ್ದಾರೆ. ನಾನು ಔಷಧ ಶಾಸ್ತ್ರ ಓದಿದವನು, ಗಿಡಮೂಲಿಕೆ ನನ್ನ ಇಷ್ಟದ ವಿಷಯ. ಅತ್ತೆಯವರ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಆ ಕಷಾಯವನ್ನು ಇವತ್ತೇ ನಿಲ್ಲಿಸಲಿ. ಅರಿಶಿನ, ಶುಂಠಿ ದೊಡ್ಡ ಪ್ರಮಾಣದಲ್ಲಿ ಹೋದರೆ ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಅಡುಗೆಗೆ ಹಾಕುವಷ್ಟಕ್ಕೆ ಚಿಂತೆ ಇಲ್ಲ. ದಿನಾ ಲೋಟಗಟ್ಟಲೆ ಕುಡಿಯುವುದು ಬೇರೆ. ಒಸಡಿನಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ, ಕಪ್ಪು ಮಲ ಕಂಡರೆ ತಡಮಾಡದೆ ತೋರಿಸಿ. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೂ ವಿಷಯ ತಿಳಿಸಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಮಗುವಿನ ಕಷಾಯದಿಂದ ಅಮೃತಬಳ್ಳಿ ತೆಗೆದುಬಿಡಿ. ಅದನ್ನು ಸೇವಿಸಿದವರಲ್ಲಿ ಕೆಲವರಿಗೆ ಯಕೃತ್ತಿಗೆ ಪೆಟ್ಟಾಗಿ ಕಾಮಾಲೆ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಎಲ್ಲರಿಗೂ ಆಗುತ್ತೆ ಅಂತಲ್ಲ. ಆದರೆ ತಾನಾಗಿ ಇಳಿಯುವ ಜ್ವರಕ್ಕೆ ಎಂಟು ವರ್ಷದ ಮಗುವಿನಲ್ಲಿ ಆ ಅಪಾಯ ಯಾಕೆ ತೆಗೆದುಕೊಳ್ಳಬೇಕು?

ಗಿಡಗಳಲ್ಲಿ ಶಕ್ತಿ ಇಲ್ಲ ಅಂತ ನಾನು ಹೇಳಲ್ಲ. ಶಕ್ತಿ ಇರುವುದರಿಂದಲೇ ಅಳತೆ ಬೇಕು ಅನ್ನುತ್ತೇನೆ. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲೆಂಡಿನ ಪಾದ್ರಿ, ವಿಲ್ಲೋ ಮರದ ಒಣ ತೊಗಟೆಯ ಪುಡಿಯಿಂದ ಚಳಿಜ್ವರ ಇಳಿಯುತ್ತದೆ ಅಂತ ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಪತ್ರ ಬರೆದರು. ಅದರಲ್ಲಿರುವುದು ಸ್ಯಾಲಿಸಿನ್, ಆಸ್ಪಿರಿನ್ನಿನ ಹತ್ತಿರದ ನೆಂಟ. ವೈರಲ್ ಜ್ವರದ ಮಕ್ಕಳಿಗೆ ಆಸ್ಪಿರಿನ್ ಕೊಟ್ಟರೆ ಮೆದುಳು, ಯಕೃತ್ತು ಕೆಡುವ ರೈ ಸಿಂಡ್ರೋಮ್ ಬರಬಹುದು. ಹಾಗಾಗಿ ವಿಲ್ಲೋ ತೊಗಟೆಯ "ನೈಸರ್ಗಿಕ" ಗುಳಿಗೆ, ಚಹಾ ಕೂಡ ಮಕ್ಕಳಿಗೆ ಬೇಡ.

ಮಲೇರಿಯಾದ ಕಥೆ ಇನ್ನೂ ಸೊಗಸು. ಚೀನಾದ ವಿಜ್ಞಾನಿ ತೂ ಯೂಯೂ ಹಳೆಯ ವೈದ್ಯಗ್ರಂಥಗಳನ್ನು ಹುಡುಕುತ್ತಾ, ಸುಮಾರು 4ನೇ ಶತಮಾನದ ಗ ಹಾಂಗ್ ಬರೆದ ಒಂದು ಸಾಲು ಕಂಡರು. ಆರ್ಟಿಮಿಸಿಯಾ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕು ಅಂತ ಅಲ್ಲಿತ್ತು. ಕುದಿಸುವ ಮಾತೇ ಇಲ್ಲ! ಬಿಸಿಗೆ ಔಷಧದ ಅಂಶ ಕೆಡುತ್ತಿರಬಹುದು ಅಂತ ಅವರಿಗೆ ಹೊಳೆಯಿತು. ಕಡಿಮೆ ಬಿಸಿಯಲ್ಲಿ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆದರು. ಅದರಿಂದ ಆರ್ಟಿಮಿಸಿನಿನ್ ಎಂಬ ಮಲೇರಿಯಾ ಔಷಧಿ ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು. ಹಾಗಿದ್ದೂ ಆ ಗಿಡದ ಚಹಾ ಕುಡಿದು ಮಲೇರಿಯಾ ವಾಸಿಮಾಡಿಕೊಳ್ಳಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಿಲ್ಲ. ಒಂದೊಂದು ಎಲೆಯಲ್ಲಿ ಒಂದೊಂದು ಪ್ರಮಾಣ. ಅರ್ಧಂಬರ್ಧ ಔಷಧಿ ಹೋದರೆ ರೋಗಾಣು ಸಾಯದೆ ಇನ್ನಷ್ಟು ಗಟ್ಟಿಯಾಗುತ್ತೆ.

ಇಬ್ಬನಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳಿದೆ. ಅವರು ಕಷಾಯ ಬಿಟ್ಟಿದ್ದಾರೆ, ಸಂಜೆ ಅವರ ಡಾಕ್ಟರಿಗೆ ಫೋನ್ ಮಾಡುತ್ತೇವೆ. ಮಗಳಿಗೆ ಬರೀ ಶುಂಠಿ ನೀರಿಗೆ ಸ್ವಲ್ಪ ಜೇನು ಹಾಕಿ ಕೊಟ್ಟೆ, ಇನ್ನೊಂಚೂರು ಕೊಡು ಅಂದಳು. ಮಧ್ಯಾಹ್ನ ಮೂತ್ರವೂ ಮಾಡಿದಳು. ಈಗ 100.8.

ಇನ್ನೆರಡು ಪ್ರಶ್ನೆ. ಬಿಸಿ ನೀರು ಕುಡಿದ ಮೇಲೆ ಬಾಯಲ್ಲಿ ಥರ್ಮಾಮೀಟರ್ ಇಟ್ಟರೆ ಜಾಸ್ತಿ ತೋರಿಸುತ್ತಾ? ಜ್ವರ ಬಿಟ್ಟ ಎಷ್ಟು ಹೊತ್ತಿಗೆ ಶಾಲೆಗೆ ಕಳಿಸಬಹುದು?

ವಾರ್ಡಿನಕ್ಕ:

ಹೌದು, ತೋರಿಸುತ್ತೆ. ಬಿಸಿಯಾದದ್ದು, ತಣ್ಣಗಿನದು ಏನು ಕುಡಿದರೂ 20 ನಿಮಿಷ ಬಿಟ್ಟು ನೋಡಿ. ಕಂಕುಳಲ್ಲಿ ಇಟ್ಟರೆ ಬಾಯಿಗಿಂತ ಸ್ವಲ್ಪ ಕಡಿಮೆ ಬರುತ್ತೆ. ಒಂದು ಸಲ ಬಾಯಿ, ಇನ್ನೊಂದು ಸಲ ಕಂಕುಳು ಅಂತ ಬದಲಾಯಿಸಬೇಡಿ, ಹೋಲಿಸಿ ನೋಡಲು ಆಗಲ್ಲ. ಸಂಜೆ ಹೊತ್ತಿಗೆ ಆರೋಗ್ಯವಂತರಿಗೂ ಮೈಬಿಸಿ ಬೆಳಗಿಗಿಂತ ಕೊಂಚ ಜಾಸ್ತಿಯೇ. ಹಾಗಾಗಿ ಸಂಜೆ ಸ್ವಲ್ಪ ಏರಿದರೆ ಕಾಯಿಲೆ ತಿರುಗಿ ಬಂತು ಅಂದುಕೊಳ್ಳಬೇಡಿ.

ಸಿರಪ್ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ, ಅವಳಿಗೂ ಲವಲವಿಕೆ ಬಂದಿದ್ದರೆ ಶಾಲೆಗೆ ಕಳಿಸಿ. ಮೊದಲ ದಿನ ಆಟೋಟ ಬೇಡ.

ಇನ್ನೊಂದು ವಿಷಯ. ಸೊಳ್ಳೆಯಿಂದ ಡೆಂಗಿ ಹರಡುವ ಕಡೆ ಇದ್ದೀರಾದರೆ ಐಬುಪ್ರೊಫೆನ್, ಆಸ್ಪಿರಿನ್ ಅನ್ನುವ ಜ್ವರ-ನೋವಿನ ಔಷಧಿಗಳನ್ನು ಕೊಡಲೇಬೇಡಿ, ಪ್ಯಾರಾಸಿಟಮಾಲ್ ಒಂದೇ. ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದು ಹೆಚ್ಚಾಗಿ ಜ್ವರ ಇಳಿಯುವಾಗಲೇ. ಜ್ವರ ಬಿಟ್ಟ ಮೇಲೂ ಎರಡು ದಿನ ಕಣ್ಣಿಟ್ಟಿರಿ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಮೂಗು ಅಥವಾ ಒಸಡಿನಲ್ಲಿ ರಕ್ತ, ಮೈ ತಣ್ಣಗಾಗಿ ಚಡಪಡಿಕೆ ಕಂಡರೆ ರಾತ್ರಿಯಾದರೂ ಸರಿ, ಕರೆದುಕೊಂಡು ಹೋಗಿ. ಮೂರನೇ ದಿನ ದಾಟಿದರೂ ಜ್ವರ ಬಿಡದಿದ್ದರೆ ಅದೇ ಡಾಕ್ಟರಿಗೆ ಮತ್ತೆ ತೋರಿಸಿ. ಸಿರಪ್ ಕೊಟ್ಟ ಹೊತ್ತು, ಆಗಿದ್ದ ಜ್ವರ, ಮೂತ್ರ ಮಾಡಿದ ಹೊತ್ತು ಒಂದು ಹಾಳೆಯಲ್ಲಿ ಬರೆದಿಟ್ಟು ಜೊತೆಗೆ ಒಯ್ಯಿರಿ. ಕೊಟ್ಟ ಕಷಾಯದಲ್ಲಿ ಏನೇನಿತ್ತು ಅನ್ನುವುದನ್ನೂ ಬರೆಯಿರಿ.